ಹನ್ನೊಂದನೆಯ ಹೋಲಿನ ಇಳಿಜಾರು

ಅಕ್ಟೋಬರ್ ೨೦, ಸೋಮವಾರ

ಪ್ರೀತಿಯ ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು. ಬೇಸಿಗೆಯಲ್ಲಿ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ, ಬೈದುಕೋಬೇಡ. ನಡುವೆ ಎಷ್ಟು ಸಲ ಫೋನು ಮಾಡಿದೆ! ಹವೆ ಹೇಗಿದೆ, ಮಾತ್ರೆ ತಗೊಂಡ್ರಾ, ಮಾಡು ಸೋರುತ್ತಿದೆಯಾ ಎಂದು ಎಲ್ಲ ಕೇಳಿದೆ. ಆ ಪತ್ರದ ವಿಷಯವನ್ನು ಮಾತ್ರ ನೀನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೋದ ವಾರ ನಿನ್ನ ಮದುವೆಯ ಕರೆಯೋಲೆಯೂ ಬಂತು. ನಿನ್ನ ಅತ್ತೆ ಅದನ್ನು ಕಪಾಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದಾಳೆ. ದಿನಾ ಬೆಳಿಗ್ಗೆ ಕಾಫಿ ಲೋಟ ಇಡುತ್ತಾ, “ಬರೆದ್ರಾ?” ಎನ್ನುತ್ತಾಳೆ. “ಬರೀತೀನಿ” ಎನ್ನುತ್ತೇನೆ. ಇವತ್ತು ಲೋಟದ ಜೊತೆ ಪೆನ್ನೂ ಹಾಳೆಯೂ ಬಂದು ಕೂತವು.

ಬರೆಯಲು ಕೂತಾಗಲೆಲ್ಲ ಪೆನ್ನು ನಾನು ನೋಡಿಕೊಳ್ಳುವ ಗಾಲ್ಫ್ ಮೈದಾನದ ಹುಲ್ಲಿನ ಕಡೆಗೇ ಎಳೆಯುತ್ತದೆ. ಹುಟ್ಟುಗುಣ. ಆದರೆ ಈ ಸಲ ನನಗೊಂದು ನೆಪವಿದೆ. ನೀನು ಕೈಹಿಡಿಯಲಿರುವ ಕನ್ನಡಕದಂಗಡಿಯವರಿಗೆ ಗಾಲ್ಫ್ ಏನೆಂದೇ ಗೊತ್ತಿಲ್ಲ, ಆದರೂ ಈ ಜಾಗ ಹೇಗಿದೆ, ನಮ್ಮ ಮಗ ಇಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಕೇಳುತ್ತಿರುತ್ತಾರೆ ಅಂತ ಬರೆದಿದ್ದೆಯಲ್ಲ. ಆ ಮಾತು ನನಗೆ ಹಿಡಿಸಿತು. ಅವನ ಹೆಸರು ಬಂದಾಗ ಮಾತು ತೇಲಿಸುವವರನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಹಾಗಾಗಿ ಅವರಿಗೂ ಓದಿ ಹೇಳುವ ಹಾಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅವರಿಗೆ ಹೇಳು: ಒಂದು ಗುಡ್ಡ. ಅದರ ಬುಡದಲ್ಲಿ ಕ್ಲಬ್ಬಿನ ಕಟ್ಟಡ, ಪಕ್ಕದಲ್ಲಿ ಯಂತ್ರಗಳ ಶೆಡ್ಡು, ಶೆಡ್ಡಿನ ಹಿಂದೆ ನಮ್ಮ ಮನೆ. ಹದಿನೆಂಟು ಹೋಲುಗಳು, ಅಂದರೆ ಚೆಂಡು ಹೊಡೆಯುತ್ತಾ ಹೋಗಿ ಕೊನೆಗೆ ಬೀಳಿಸಬೇಕಾದ ಕುಳಿಗಳು, ಒಂದೊಂದಕ್ಕೂ ತನ್ನದೇ ಅಂಕಣ. ಮೊದಲ ಒಂಬತ್ತು ಗುಡ್ಡದ ಕಾಲ ಬುಡದಲ್ಲೇ ಸುತ್ತಿಕೊಂಡು ಬರುತ್ತವೆ; ಆಡುವವರು ಹರಟೆ ಹೊಡೆಯುತ್ತಾ ಹೋಗಬಹುದು. ಹತ್ತರಿಂದ ಏರು ಶುರು, ಹರಟೆ ಬಂದ್. ಅಲ್ಲಿಂದ ಮುಂದೆ ಸಮತಟ್ಟಾದ ಜಾಗ ದೇವರಿಗೂ ಸಿಗದು. ಚೆಂಡಿನ ಮುಂದೆ ನಿಂತವರ ಒಂದು ಕಾಲು ಸದಾ ಇನ್ನೊಂದಕ್ಕಿಂತ ಮೇಲಿರುತ್ತದೆ. ಬಲಕ್ಕೆ ಗುರಿಯಿಟ್ಟರೆ ಚೆಂಡು ಇಳಿಜಾರಲ್ಲಿ ತನ್ನ ಪಾಡಿಗೆ ಉರುಳಿ ಎಡಕ್ಕೆ ಬಂದು ನಿಲ್ಲುತ್ತದೆ. ಹೊಸಬರು ಆಗ ತಮ್ಮ ಕೈಯನ್ನು ಬೈಯುತ್ತಾರೆ, ಹಳಬರು ನನ್ನ ಹುಲ್ಲನ್ನು ಬೈಯುತ್ತಾರೆ. ನಮ್ಮ ಸದಸ್ಯರಲ್ಲಿ ಅರ್ಧ ಮಂದಿಗೆ ತಮ್ಮ ಚೆಂಡು ಎಲ್ಲಿ ಬಿತ್ತೆಂದೇ ಕಾಣುವುದಿಲ್ಲ. ಅವರು ಇಲ್ಲೊಂದು ಕನ್ನಡಕದಂಗಡಿ ಇಟ್ಟರೆ ಕೈತುಂಬ ಕೆಲಸ ಎಂದೂ ಹೇಳು.

ಇದು ಪೂರ್ತಿ ಸದಸ್ಯರ ಮೈದಾನವಲ್ಲ. ಬೆಳಿಗ್ಗೆ ಅವರದು. ಮಧ್ಯಾಹ್ನದ ಮೇಲೆ ಚೀಟಿ ತೆಗೆದುಕೊಂಡ ಯಾರು ಬೇಕಾದರೂ ಆಡಬಹುದು. ನೀನು ನಮ್ಮ ಮನೆಗೆ ಬಂದದ್ದೇ ಅಂಥ ಒಂದು ಮಧ್ಯಾಹ್ನದ ಚೀಟಿಯಿಂದ ಅಲ್ಲವೇ? ಆಫೀಸಿನವರ ಜೊತೆ ಬಂದು ಮೂರನೆಯ ಹೋಲಿನ ಕೊಳಕ್ಕೆ ಒಂದರ ಹಿಂದೆ ಒಂದು ಚೆಂಡು ಹಾಕುತ್ತಿದ್ದೆ. ಹುಲ್ಲು ಕತ್ತರಿಸುತ್ತಿದ್ದ ಅವನು ಯಂತ್ರ ನಿಲ್ಲಿಸಿ ನೋಡುತ್ತಾ ನಿಂತ. “ನಗೋದಿದ್ರೆ ದೂರ ಹೋಗಿ ನಗಿ” ಎಂದೆಯಂತೆ. ಆ ಸಂಜೆ ಅವನು ಬಾಗಿಲಲ್ಲೇ ನಿಂತು, “ಅಮ್ಮಾ, ಇವತ್ತು ಒಬ್ಳು ನನ್ನ ಬೈದ್ಲು” ಎಂದ, ಬಡ್ತಿ ಸಿಕ್ಕಿದವನ ಹಾಗೆ. ನಿನ್ನ ಅತ್ತೆ ಅವತ್ತೇ ನನಗೆ ಹೇಳಿದ್ದಳು, “ಇದು ಸುಮ್ನೆ ಹೋಗೋ ಬೈಗುಳ ಅಲ್ಲ ಕಣ್ರೀ” ಅಂತ.

ಇನ್ನು ಹನ್ನೊಂದನೆಯ ಹೋಲು. ನಿನಗೆ ನಾನು ಹೇಳಬೇಕಾದ್ದಿಲ್ಲ. ಅವರಿಗೆ ನೀನು ಎಷ್ಟು ಹೇಳಿದ್ದೀಯೋ ನನಗೆ ಗೊತ್ತಿಲ್ಲ. ಗುಡ್ಡದ ಮೇಲಿನ ಮೊದಲ ಹೋಲು ಅದು. ಎತ್ತರದಿಂದ ಹೊಡೆಯಬೇಕು. ನಡುವೆ ಒಂದು ದಿಬ್ಬ ಅಡ್ಡ ಬರುವುದರಿಂದ ಚೆಂಡು ಬೀಳುವ ಜಾಗ ಕಾಣುವುದಿಲ್ಲ. ದಿಬ್ಬ ದಾಟಿ ಇಳಿದರೆ ಕೊನೆಯಲ್ಲಿ ತಟ್ಟೆಯ ಹಾಗೆ ಪುಟ್ಟ ಗ್ರೀನು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಅದರ ಎಡಕ್ಕೆ ಭುಜದಂತೆ ಬಾಗಿದ ಇಳಿಜಾರು. ಮಳೆ ನಿಂತ ಮಾರನೆಯ ಬೆಳಿಗ್ಗೆ ಆ ಭುಜದ ಮೇಲೆ ಅವನು ಕೂತಿದ್ದ ಯಂತ್ರದ ಚಕ್ರ ಒದ್ದೆ ಹುಲ್ಲಲ್ಲಿ ಜಾರಿತು, ಯಂತ್ರ ಅವನ ಮೇಲೆಯೇ ಮಗುಚಿತು. ಅಷ್ಟೇ ಆದದ್ದು. ಯಂತ್ರ ಕೆಟ್ಟಿರಲಿಲ್ಲ, ಅವನು ಕಲಿಯದವನೂ ಆಗಿರಲಿಲ್ಲ. ಯಾರನ್ನಾದರೂ ದೂರಬಹುದಾಗಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಅವನು ಹೋದಮೇಲೆ ನೀನು ನಮ್ಮ ಜೊತೆ ಇದ್ದ ಆ ವರ್ಷವೆಲ್ಲ ಹನ್ನೊಂದನೆಯ ಹೋಲು ಮುಚ್ಚಿಯೇ ಇತ್ತು, ನೀನು ಹೋದಮೇಲೂ ಹಾಗೇ ಇತ್ತು. ಯಾರೂ ಮುಚ್ಚಿ ಎಂದು ಹೇಳಿರಲಿಲ್ಲ. ಹತ್ತು ಮುಗಿಸಿದವರು ತಲೆ ತಗ್ಗಿಸಿಕೊಂಡು ಸೀದಾ ಹನ್ನೆರಡಕ್ಕೆ ಹೋಗಿಬಿಡುತ್ತಿದ್ದರು. ಅಲ್ಲಿ ಹುಲ್ಲು ಕತ್ತರಿಸಲು ನಾನು ಯಾರನ್ನೂ ಕಳಿಸಲಿಲ್ಲ, ಯಾರೂ ಹೋಗುತ್ತೇನೆಂದು ಮುಂದೆ ಬರಲೂ ಇಲ್ಲ. ಹೊರಗಿನಿಂದ ಬಂದವರು ಎಣಿಸಿ ನೋಡಿ, “ಹದಿನೇಳೇ ಇದೆಯಲ್ಲ, ಇನ್ನೊಂದೆಲ್ಲಿ?” ಎಂದರೆ ಚೀಟಿ ಕೊಡುವವನು “ರಿಪೇರಿ” ಎನ್ನುತ್ತಿದ್ದ.

ಈ ಬೇಸಿಗೆಯ ಮೊದಲಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿ, ಖಾಲಿ ಲೋಟವನ್ನೂ ಕೈಯಲ್ಲೇ ತಿರುಗಿಸುತ್ತಿದ್ದರು. “ಹೇಳೋಕೆ ಬಾಯಿ ಬರ್ತಿಲ್ಲ. ಆದರೆ ಕಮಿಟಿಯಲ್ಲಿ ಮಾತು ಬಂತು. ಆ ಹೋಲನ್ನ ಬಿಟ್ಟು ಕೆಳಗೆ ಸಮತಟ್ಟು ಜಾಗದಲ್ಲಿ ಇನ್ನೊಂದು ಚಿಕ್ಕದು ಮಾಡೋಣ ಅಂತ ಕೆಲವರು. ಅದನ್ನೇ ತೆರೆದು ಅವನ ಹೆಸರು ಇಡೋಣ, ಒಂದು ಕಲ್ಲು ನೆಡೋಣ ಅಂತ ಕೆಲವರು. ನೀವು ಹೇಗೆ ಹೇಳಿದ್ರೆ ಹಾಗೆ.”

ಒಳಗಿಂದ ನಿನ್ನ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಕಲ್ಲು ಬೇಡ” ಎಂದಳು. “ನನ್ನ ಕೂಸಿನ ಹೆಸರು ಬರೆದು ಅದರ ಪಕ್ಕ ಜನ ಚೆಂಡು ಹುಡುಕ್ತಾ ಓಡಾಡೋದು ನಂಗೆ ಬೇಡ. ಉಳಿದಿದ್ದು ನಾನು ಆ ಜಾಗ ನೋಡಿದ್ಮೇಲೆ ಹೇಳ್ತೀನಿ.”

ನಾನು ತಿರುಗಿ ಅವಳ ಮುಖ ನೋಡಿದೆ. ನಿನಗೆ ಗೊತ್ತಲ್ಲ, ಇಷ್ಟು ವರ್ಷ ಗುಡ್ಡದ ಬುಡದಲ್ಲೇ ಬಾಳಿದವಳು ಒಂದು ದಿನವೂ ಮೇಲೆ ಹತ್ತಿರಲಿಲ್ಲ. ಕರೆದರೆ, “ಹುಲ್ಲು ನೋಡೋಕೆ ಗುಡ್ಡ ಹತ್ಬೇಕಾ? ಹಿತ್ತಲಲ್ಲೇ ಬೇಕಾದಷ್ಟಿದೆ” ಎನ್ನುತ್ತಿದ್ದಳು. ಯಂತ್ರ ಮಗುಚಿದ ದಿನವೂ ಅವಳು ನೋಡಿದ್ದು ಆಸ್ಪತ್ರೆಯನ್ನು, ಗುಡ್ಡವನ್ನಲ್ಲ.

ಮೈದಾನಕ್ಕೆ ಸೋಮವಾರ ರಜೆ. ಆ ಸೋಮವಾರವೇ ಹೊರಟೆವು. ಗಾಡಿ ತರುತ್ತೇನೆಂದರೆ ಬೇಡ ಎಂದಳು. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಅಂಗಳಕ್ಕಿಳಿದಳು. “ಈ ಚಪ್ಪಲಿ ಬೇಡ, ಜಾರತ್ತೆ” ಎಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದಮೇಲೆ ಅವಳು ಚಪ್ಪಲಿ ಅಲ್ಲೇ ಬಿಟ್ಟಳು. ಆಮೇಲೆ ಒಳಗೆ ಹೋಗಿ ಶೂ ಹಾಕಿಕೊಂಡು ಬಂದಳು.

ಹತ್ತನೆಯ ಹೋಲಿನ ಏರಿನಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಮೇಲೆ ತಲುಪಿ ತಿರುಗಿದಾಗ ಕೆಳಗೆ ಇಡೀ ಮೈದಾನ ಹರಡಿಕೊಂಡಿತ್ತು. ಕೊಳ, ಮರಳಿನ ಗುಂಡಿಗಳು, ಒಂದಕ್ಕೊಂದು ಹೆಣೆದ ಹಾಗೆ ಎರಡು ಮೂರು ಬಗೆಯ ಹಸಿರು, ತುದಿಯಲ್ಲಿ ನಮ್ಮ ಮನೆಯ ಮಾಡು. ಬೆಳಗಿನ ಬಿಸಿಲು ಇನ್ನೂ ಅರ್ಧಕ್ಕೆ ಮಾತ್ರ ಬಿದ್ದಿತ್ತು.

“ಇದನ್ನ ಅವನು ದಿನಾ ನೋಡ್ತಿದ್ನಾ?” ಎಂದಳು.

“ದಿನಾ.”

“ಒಂದಿನಾನೂ ಹೇಳ್ಲಿಲ್ಲ ನೋಡಿ. ಮನೆಗೆ ಬಂದ್ರೆ ಬರೀ ಬ್ಲೇಡು, ಬೆಲ್ಟು, ಎಣ್ಣೆ ಅಂತ ಮಾತಾಡ್ತಿದ್ದ.”

ಹನ್ನೊಂದರಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಗ್ರೀನು ಯಾವುದು, ಬದು ಯಾವುದು ತಿಳಿಯುತ್ತಿರಲಿಲ್ಲ. ಕಾಲಲ್ಲಿ ತುಳಿದು ದಾರಿ ಮಾಡುತ್ತಾ ಮುಂದೆ ಹೋದೆ, ಅವಳು ಹಿಂದೆ ಬಂದಳು. “ಎಲ್ಲಿ?” ಎಂದಳು. ಕೈ ತೋರಿಸಿದೆ.

ಅವಳು ಆ ಇಳಿಜಾರನ್ನು ಮೇಲಿಂದ ಕೆಳಗೆ ನೋಡಿದಳು. ಕೆಳಗಿಂದ ಮೇಲೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟೇನಾ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಇದೇನಾ ಆ ಇಳಿಜಾರು? ಇಷ್ಟೇನಾ? ನಾನು ದೊಡ್ಡ ಪ್ರಪಾತ ಅಂದ್ಕೊಂಡಿದ್ದೆ ಕಣ್ರೀ. ಮೂರು ವರ್ಷ ಕಣ್ಣು ಮುಚ್ಚಿದ್ರೆ ಸಾಕು, ಅವನು ಎಲ್ಲೋ ಆಕಾಶದಿಂದ ಬೀಳೋ ಹಾಗೆ ಕಾಣ್ತಿತ್ತು. ಇದು ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕೋಕೆ ಇಳೀತೀನಲ್ಲ, ಅಷ್ಟೂ ಇಲ್ವಲ್ರೀ!”

ಹಾಗೆನ್ನುತ್ತಲೇ ಇಳಿಯತೊಡಗಿದಳು. ಹುಲ್ಲು ಹಿಡಿದುಕೊಂಡು ಕೆಳಗೆ ಹೋದಳು, ತಿರುಗಿ ಹತ್ತಿ ಬಂದಳು. ಮತ್ತೆ ಇಳಿದಳು, ಮತ್ತೆ ಹತ್ತಿದಳು. “ಸಾಕು ಬಾ” ಎಂದರೂ ಕೇಳಲಿಲ್ಲ. ತೋಳು ಹಿಡಿಯಲು ಹೋದರೆ ಕೊಡವಿಕೊಂಡಳು. ಉಸಿರು ಕಟ್ಟಿ, ಕೂದಲೆಲ್ಲ ಕೆದರಿ, ಕೊನೆಯ ಸಲ ಹತ್ತಿ ಬಂದು ನನ್ನೆದುರು ನಿಂತಳು. “ನೋಡಿ, ನಂಗೇನಾದ್ರೂ ಆಯ್ತಾ? ಈ ವಯಸ್ಸಲ್ಲಿ ನಂಗೇ ಏನೂ ಆಗ್ಲಿಲ್ಲ. ಇಷ್ಟಕ್ಕೆ ಹೋಗ್ಬಿಟ್ನಾ ಅವನು? ಇಷ್ಟಕ್ಕಾ?”

ಏನು ಹೇಳಲಿ ಮಗಳೇ. ಯಂತ್ರದ ಭಾರ, ಒದ್ದೆ ನೆಲ, ಚಕ್ರ ತಿರುಗುವ ರೀತಿ ಎಂದು ಅಂದು ಬಂದ ಇನ್ಸ್‌ಪೆಕ್ಟರ್ ಬಿಡಿಸಿ ಹೇಳಿದ್ದೆಲ್ಲ ನನ್ನ ತಲೆಯಲ್ಲಿತ್ತು. ಅವಳು ಅಲ್ಲೇ ಹುಲ್ಲಲ್ಲಿ ಕುಸಿದು ಕೂತಳು. ಪಕ್ಕದಲ್ಲಿ ನಾನೂ ಕೂತೆ. ಆಸ್ಪತ್ರೆಯಲ್ಲಿ, ಆಮೇಲೆ ಜನ ಬಂದು ಹೋಗುವಾಗ, ನಿನ್ನನ್ನು ಬಸ್ಸು ಹತ್ತಿಸಿ ಬಂದ ದಿನ ಕೂಡ ಅವಳು ಬಾಯಿಬಿಟ್ಟು ಅತ್ತವಳಲ್ಲ. ಅವತ್ತು ಇಬ್ಬರೂ ನಾಚಿಕೆ ಬಿಟ್ಟು ಅತ್ತೆವು. ರಜೆಯ ದಿನವಾದ್ದರಿಂದ ಕೇಳುವವರು ಯಾರೂ ಇರಲಿಲ್ಲ.

ಏಳುವಾಗ ಮೈಗೆ ಅಂಟಿದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕೀಳುತ್ತಾ, “ಇದನ್ನ ಕತ್ತರಿಸಿ” ಎಂದಳು. “ಹಾಳುಬಿದ್ದ ಮನೆ ತರ ಕಾಣ್ತದೆ. ಅವನು ಇದನ್ನ ಎಷ್ಟು ಚೆಂದ ಇಟ್ಕೊಂಡಿದ್ದ ಅಂತ ಎಲ್ರೂ ಹೇಳ್ತಿದ್ರು. ಜನ ಆಡ್ಲಿ.”

ನಿನ್ನ ಪತ್ರ ಬಂದದ್ದು ಅದಾದ ಕೆಲವೇ ದಿನಕ್ಕೆ. ನನಗಿಂತ ಮೊದಲು ಅವಳೇ ಓದಿದಳು. ಓದಿ, ಮಡಚಿ, ನನ್ನ ತಟ್ಟೆಯ ಪಕ್ಕ ಇಟ್ಟು, “ಒಳ್ಳೇದಾಯ್ತು. ಒಂಟಿಯಾಗಿದ್ಳು” ಎಂದಳು. ಊಟ ಬಡಿಸಿದಳು. ತಾನು ಮಾತ್ರ ಆಮೇಲೆ ಮಾಡುತ್ತೇನೆಂದಳು.

ಹನ್ನೊಂದನ್ನು ಮತ್ತೆ ಎಬ್ಬಿಸಲು ಬೇಸಿಗೆ ಕಳೆದು ಮಳೆಯೂ ಮುಗಿಯಬೇಕಾಯಿತು. ಮೊದಲು ಕುಡುಗೋಲಿನಲ್ಲಿ ಕೊಯ್ದು, ಆಮೇಲೆ ಹಿಂದೆ ನಡೆದು ತಳ್ಳುವ ಸಣ್ಣ ಯಂತ್ರದಲ್ಲಿ ಕತ್ತರಿಸಿದೆವು. ಹಳೆಯ ಗ್ರೀನು ಪಾಚಿ ಹಿಡಿದು ಸತ್ತೇ ಹೋಗಿತ್ತು. ಅದನ್ನು ಕಿತ್ತು, ಮಣ್ಣು ಸಡಿಲಿಸಿ, ಮರಳು ಬೆರೆಸಿ, ಶೆಡ್ಡಿನ ಪಕ್ಕ ಬೆಳೆಸಿದ ಹುಲ್ಲಿನ ಹಾಸನ್ನು ಚಾಪೆಯ ಹಾಗೆ ಸುತ್ತಿ ತಂದು ಹೊದಿಸಿದೆವು. ಈಗ ಚೆನ್ನಾಗಿ ಬೇರು ಹಿಡಿದಿದೆ. ಇನ್ನೂ ಸ್ವಲ್ಪ ಮೆತ್ತಗಿದೆ, ಚೆಂಡು ಬಿದ್ದಲ್ಲೇ ಕೂರುತ್ತದೆ. ಉಳಿದ ಗ್ರೀನುಗಳ ಮೇಲಿನ ಹಾಗೆ ಚೆಂಡು ಓಡಲು ಇನ್ನೊಂದು ವರ್ಷ ಬೇಕು. ದಿಬ್ಬದ ಆಚೆಗಿನ ಗಂಟೆ ನೆನಪಿದೆಯಾ? ಮುಂದಿನವರು ಆಡಿ ದಾಟಿದಮೇಲೆ ಹಿಂದಿನವರಿಗೆ ತಿಳಿಯಲಿ ಎಂದು ಬಾರಿಸುವುದು. ಅದರ ನಾಲಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು, ಬಿಡಿಸಿದೆ.

ಆ ಎಡ ಭುಜದ ಮೇಲೆ ಮಾತ್ರ ಇನ್ನು ಯಾವ ಯಂತ್ರವೂ ಹೋಗುವುದಿಲ್ಲ. ಅಲ್ಲಿ ಹುಲ್ಲು ಎತ್ತರಕ್ಕೆ ಬೆಳೆಯಲಿ ಎಂದು ಬಿಟ್ಟಿದ್ದೇನೆ. ಹಾಗೆ ಬಿಟ್ಟರೆ ಅಲ್ಲಿ ಬಿದ್ದವರ ಗತಿಯೇನು ಎಂದು ಕಮಿಟಿ ಕೇಳಿತು. ಆಟದ ಕಾರ್ಡಿನ ಹಿಂದೆ ನಮ್ಮ ಮೈದಾನದ ಸ್ವಂತ ನಿಯಮಗಳಿರುತ್ತವಲ್ಲ, ಅವುಗಳ ಕೊನೆಗೆ ಒಂದು ಸಾಲು ಸೇರಿಸಿದರು. ‘ಹನ್ನೊಂದನೆಯ ಗ್ರೀನಿನ ಎಡ ಇಳಿಜಾರಿನಲ್ಲಿ ಬಿದ್ದ ಚೆಂಡನ್ನು ದಂಡವಿಲ್ಲದೆ ಎತ್ತಿ ಮೇಲೆ ಇಟ್ಟು ಆಡಬಹುದು.’ ಅಚ್ಚಾಗಿ ಬಂದ ಕಾರ್ಡನ್ನು ನಾನು ಮನೆಗೆ ತಂದೆ. ನಿನ್ನ ಅತ್ತೆ ಆ ಸಾಲನ್ನು ಎರಡು ಸಲ ಓದಿದಳು.

ಹೋದ ಮಂಗಳವಾರ ತೆರೆದೆವು. ರಿಬ್ಬನ್ನು, ಭಾಷಣ ಏನೂ ಬೇಡ ಎಂದಿದ್ದೆ. ಬೆಳಿಗ್ಗೆಯೆಲ್ಲ ಸದಸ್ಯರು ಹತ್ತರಿಂದ ಎಂದಿನ ಹಾಗೆ ಹನ್ನೆರಡಕ್ಕೇ ಹೋದರು. ಮುಜುಗರವೋ, ರೂಢಿಯೋ. ಕುಳಿಯ ಧ್ವಜವೊಂದೇ ಅಲ್ಲಿ ಗಾಳಿಗೆ ಪಟಪಟಿಸುತ್ತಿತ್ತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಎನಿಸಿತು. ಮಧ್ಯಾಹ್ನ ಚೀಟಿಯವರು ಬಂದರು. ಇಬ್ಬರು ಹೆಂಗಸರು, ಅಕ್ಕತಂಗಿಯರಿರಬೇಕು, ಮೊದಲ ಸಲ ಬಂದವರು. ಅವರಿಗೆ ಏನೂ ಗೊತ್ತಿಲ್ಲ, ಹತ್ತಾದಮೇಲೆ ಹನ್ನೊಂದು ಎಂದಷ್ಟೇ ಗೊತ್ತು. ಹನ್ನೆರಡರ ಹತ್ತಿರ ನೀರಿನ ಪೈಪು ನೋಡುತ್ತಿದ್ದ ನಾನು ಅಲ್ಲೇ ನಿಂತೆ. ಒಬ್ಬಳ ಚೆಂಡು ದಿಬ್ಬದ ಇಳಿಜಾರಲ್ಲಿ ಉರುಳಿಯೇ ಉರುಳಿತು. ಅವಳು ಅದನ್ನು ಬೈಯುತ್ತಾ ಹಿಂದೆ ಓಡಿದಳು, ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ನನಗೆ ಸಿಟ್ಟು ಬರಬಹುದೆಂದು ಕಾದೆ. ಬರಲಿಲ್ಲ. ಆಮೇಲೆ ಅವರು ಗಂಟೆ ಬಾರಿಸಿದರು, ಬೇಕಾದ್ದಕ್ಕಿಂತ ಜಾಸ್ತಿಯೇ ಬಾರಿಸಿದರು.

ಸಂಜೆ ಮನೆಗೆ ಬಂದಾಗ ನಿನ್ನ ಅತ್ತೆ ಬಾಗಿಲಲ್ಲಿದ್ದಳು. “ಕೇಳಿಸ್ತು” ಎಂದಳು.

ಈಗ ನಿನ್ನ ಮಾತಿಗೆ ಬರುತ್ತೇನೆ. ಒಪ್ಪಿಗೆ ಕೇಳಿದ್ದೀಯ. ಅದನ್ನು ನೀನು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆಯಲ್ಲ, ಅದಕ್ಕೆ ಇಬ್ಬರ ಮನಸ್ಸೂ ತುಂಬಿ ಬಂತು. ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ, ಮದುವೆ ಮಾಡಿಕೋ. ಹಿಂದೆ ತಿರುಗಿ ನೋಡುತ್ತಾ ಸಂಸಾರ ಮಾಡಬೇಡ. ಅವನ ವಿಷಯ ಮಾತಾಡಬೇಕೆನಿಸಿದರೆ ಮಾತಾಡು, ಬೇಡವೆನಿಸಿದ ದಿನ ಬಿಡು, ಎರಡರಲ್ಲೂ ತಪ್ಪಿಲ್ಲ. ನಿನ್ನ ಪಾಲಿಗೆ ಬಂದವರು ಕೇಳುವ ಗುಣದವರು ಎಂದು ಪತ್ರದಿಂದಲೇ ತಿಳಿಯುತ್ತದೆ. ಅವರ ಆರೋಗ್ಯ ನೋಡಿಕೋ, ಅದಕ್ಕಿಂತ ಮೊದಲು ನಿನ್ನದು ನೋಡಿಕೋ. ಕೆಲಸ ಬಿಡಬೇಡ. ಊಟ ತಪ್ಪಿಸುವ ಚಾಳಿ ಇನ್ನಾದರೂ ಬಿಡು.

ಮದುವೆಗೆ ಬರಲು ಮಾತ್ರ ನಮಗೆ ಆಗುವ ಹಾಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಪಂದ್ಯಗಳು, ಹೊಸ ಗ್ರೀನನ್ನು ಬೇರೆಯವರ ಕೈಗೆ ಬಿಟ್ಟು ಬರುವುದು ಕಷ್ಟ. ನಿನ್ನ ಅತ್ತೆಗೂ ಮೊಣಕಾಲು ನೋವು, ಅಷ್ಟು ದೂರದ ಪ್ರಯಾಣ ತಡೆಯಲಾರಳು. ಬೇಜಾರು ಮಾಡಿಕೋಬೇಡ. ಆ ದಿನ ಇಲ್ಲಿಂದಲೇ ನಿಮ್ಮಿಬ್ಬರನ್ನೂ ನೆನೆದು ಹರಸುತ್ತೇವೆ.

ನೂರು ಕಾಲ ಸುಖವಾಗಿ ಬಾಳಿ. ನಿಮ್ಮ ಮನೆಯಲ್ಲಿ ಸದಾ ನಗು ಇರಲಿ.

ಇಂತು ನಿನ್ನ
ಮಾವ

ಮರೆತ ಮಾತು: ಅಂಟಿಸುವ ಮೊದಲು ಪತ್ರವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಮೊಣಕಾಲಿನ ಸಾಲಿಗೆ ಬಂದಾಗ, “ಗುಡ್ಡ ಹತ್ತಿದೋಳಿಗೆ ಬಸ್ಸು ಹತ್ತೋಕಾಗಲ್ವಾ? ಸುಳ್ಳು ಬರೆದು ಕಳಿಸ್ಬೇಡಿ” ಎಂದಳು. ಅವಳು ಹೇಳಿದ್ದು ನಿಜ. ಅವಳ ಕಾಲೂ ನೆಟ್ಟಗಿದೆ, ಇಲ್ಲಿ ನನ್ನ ಕೆಲಸ ನೋಡಿಕೊಳ್ಳಲು ಜನವೂ ಇದ್ದಾರೆ. ಕರೆಯೋಲೆ ಬಂದ ದಿನವೇ ಅವಳು ಪೆಟ್ಟಿಗೆ ತೆಗೆದು ಇಬ್ಬರಿಗೂ ಒಳ್ಳೆಯ ಬಟ್ಟೆ ಆರಿಸಿಟ್ಟಿದ್ದಳು. ಸಂಜೆ ಮತ್ತೆ ಒಳಗಿಟ್ಟಳು. ಯಾಕೆಂದು ಕೇಳಿದೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: “ಹುಡುಗಿ ಕಡೆಯೋರು ಒಂದು ಕಡೆ ಕೂರ್ತಾರೆ, ಹುಡುಗನ ಕಡೆಯೋರು ಇನ್ನೊಂದು ಕಡೆ. ಅವಳ ಅಪ್ಪ ಅಮ್ಮ ಇರ್ತಾರೆ, ಅದು ಅವರ ಜಾಗ. ನಾವು ಯಾವ ಕಡೆ ಹೋಗಿ ಕೂರೋದು? ಪಕ್ಕದೋರು ‘ನೀವು ಹುಡುಗಿಗೆ ಏನಾಗ್ಬೇಕು?’ ಅಂತ ಕೇಳಿದ್ರೆ ಏನು ಹೇಳ್ಲಿ?”

ನನಗೆ ಉತ್ತರ ಹೊಳೆಯಲಿಲ್ಲ ಮಗಳೇ. ನಿನಗೆ ಹೊಳೆದರೆ ಬರೆ. ಬರುತ್ತೇವೆ.